ಹಳೇ ವಿಂಡೋಸಿನೊಳಗೆ ನನ್ನ ಬಾಯಿ

ಲೋಕದ ಗಂಡಸರೆಲ್ಲ ಹೆಂಡತಿಯ ಬಾಯಿ ಮುಚ್ಚಿದರೆ ಸಾಕೆಂದು ದೇವರಿಗೆ ಹರಕೆ ಹೊರುತ್ತಾರೆ. ನಮ್ಮ ಮನೆಯವರು ಮಾತ್ರ ಹೆಂಡತಿಯ ಬಾಯಿ ಮುಚ್ಚಬಾರದೆಂದು ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಮಧ್ಯಾಹ್ನದ ಊಟ ಬಿಟ್ಟು ಜಗಳಾಡಿದರು! ಇಂಥ ಗಂಡ ಸಿಕ್ಕಿದ್ದು ಯಾವ ಜನ್ಮದ ಪುಣ್ಯವೋ ಎಂದು ಹೊಟ್ಟೆಕಿಚ್ಚು ಪಡಬೇಡಿರಿ. ಪೂರ್ತಿ ಕೇಳಿದ ಮೇಲೆ ನನ್ನ ಹಾಗೆ ನೀವೂ ನಾಚಿಕೆಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತೀರಿ.

ಮೊರಬದ ಹೊರಗೆ, ರಸ್ತೆಯ ಬಾಜು, ನಮ್ಮದೊಂದು ಕಾಟಾ ಇದೆ. ಹತ್ತಿ, ಕಡಲೆ, ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರನ್ನು ಹಾಗೇ ಹತ್ತಿಸಿ ನಿಲ್ಲಿಸಿ ತೂಗುವ ದೊಡ್ಡ ಕಬ್ಬಿಣದ ಹಾಸು. ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್, ಕೋಣೆಯ ನೆತ್ತಿಯ ಮೇಲೆ ಲೌಡ್‌ಸ್ಪೀಕರ್. ತೂಕ ಆದ ಕೂಡಲೇ ಅದು ಅಂಕಿಗಳನ್ನು ಒಂದೊಂದಾಗಿ ಊರಿಗೆ ಕೇಳುವಂತೆ ಕೂಗುತ್ತದೆ. ಆ ಕೂಗುವ ಧ್ವನಿ ನನ್ನದು!

ಅದು ನನ್ನ ಹಣೆಬರಹದಲ್ಲಿ ಬಂದದ್ದು ಹೀಗೆ. ಕಾಟಾ ಹಾಕಿದ ಹೊಸತರಲ್ಲಿ ಕಂಪ್ಯೂಟರ್ ಜೋಡಿಸಲು ಬಂದವನು, "ಇದು ಹಿಂದ್ಯಾಗ ಮಾತಾಡ್ತೈತ್ರಿ" ಅಂದ. ಇವರು ಕೇಳಬೇಕಲ್ಲ!

"ಹಿಂದಿ ನಮ್ಮ ಮಂದಿಗೆ ಏನ್ ತಿಳೀತೈತಿ? ಕಣ್ಣ ಮಂಜಾದ ಮುದುಕ ಸುದ್ದಾ ಟ್ರೇಲರಿನ ಮ್ಯಾಲೆ ಕುಂತಕೊಂಡ ತನ್ನ ಮಾಲಿನ ತೂಕ ತಾನ ಕೇಳಬೇಕು. ಲೇ, ಬಾ ಇಲ್ಲೆ!"

ಕಾಟಾದ ಹಿಂದೆಯೇ ನಮ್ಮ ಮನೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ. ಕಂಪ್ಯೂಟರಿನವ ನನ್ನ ಕೈಯಲ್ಲಿ ಮೈಕು ಹಿಡಿಸಿ, "ಒಂದರಿಂದ ಹೇಳ್ರಿ ಅಕ್ಕಾರ" ಅಂದ. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಅನ್ನುವುದಿಲ್ಲ. ಲಕ್ಷ್ಮಿಗೆ ಮರ್ಯಾದೆ ಕೊಟ್ಟು 'ಲಾಭ' ಅನ್ನುತ್ತೇವೆ. ತೂಕ ಎಂದೊಡನೆ ನನ್ನ ಬಾಯಿಗೆ ಅದೇ ಬಂತು. "ಲಾಭ, ಎರಡು, ಮೂರು..." ಎಂದು ಶುರು ಮಾಡಿ, ಒಂಬತ್ತರ ಮೇಲೆ "ಸೊನ್ನಿ" ಎಂದೆ. ಅಷ್ಟರಲ್ಲಿ ಹಾಲು ಹೊತ್ತಿದ ವಾಸನೆ ಬಂದು ಅದೇ ಉಸಿರಿನಲ್ಲಿ "ಆತೇನ್ರೀ?" ಎಂದುಬಿಟ್ಟೆ. ಆ ಪುಣ್ಯಾತ್ಮ ಅದನ್ನೂ ಕೂಡಿಸಿಯೇ ಕಂಪ್ಯೂಟರಿಗೆ ತುಂಬಿದ. ಮುಂದೆ ತಿದ್ದಿಸೋಣವೆಂದರೆ ಅವನ ಕಂಪನಿಯೇ ಬಾಗಿಲು ಹಾಕಿಕೊಂಡಿತ್ತು.

ನಮ್ಮ ಕಾಟಾ ಹತ್ತು ಹತ್ತು ಕಿಲೋದ ಲೆಕ್ಕದಲ್ಲಿ ತೂಗುತ್ತದೆ. ಅಂದರೆ ಪ್ರತಿ ತೂಕದ ಕೊನೆಗೂ ಸೊನ್ನೆ ಗ್ಯಾರಂಟಿ! ಎರಡು ಸಾವಿರದ ನೂರಾ ನಲವತ್ತು ಕಿಲೋ ಬಂದರೆ ಸ್ಪೀಕರ್ ಹೀಗೆ ಕೂಗುತ್ತದೆ: "ಎರಡು. ಲಾಭ. ನಾಲ್ಕು. ಸೊನ್ನಿ, ಆತೇನ್ರೀ?"

ಟ್ರ್ಯಾಕ್ಟರಿನವ, "ಆತ್ರಿ ಅಕ್ಕಾರ!" ಎಂದು ಕೂಗಿ ಗಾಡಿ ಇಳಿಸುತ್ತಾನೆ. ಉತ್ತರ ಕೊಡದೆ ಗಾಡಿ ಇಳಿಸಿದರೆ ಮಾಲಿಗೆ ರೇಟು ಸಿಗುವುದಿಲ್ಲವೆಂಬ ನಂಬಿಕೆ ಬೇರೆ ಹುಟ್ಟಿಕೊಂಡಿತು. ಸರಿಯಾಗಿ ಎರಡು ಸಾವಿರ ಬಂದ ದಿನವಂತೂ ಕೇಳಬೇಡಿರಿ. "ಎರಡು. ಸೊನ್ನಿ, ಆತೇನ್ರೀ? ಸೊನ್ನಿ, ಆತೇನ್ರೀ? ಸೊನ್ನಿ, ಆತೇನ್ರೀ?"

"ಆತ್ರಿ, ಆತ್ರಿ, ಆತ್ರೀ ಯವ್ವಾ! ಎಷ್ಟ ಅವಸರ ಮಾಡ್ತೀರಿ!"

ಒಳಗೆ ರೊಟ್ಟಿ ಬಡಿಯುತ್ತಿದ್ದ ನಾನು ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ, ಆದರೂ! ಮಠದಲ್ಲಿ ಪ್ರಸಾದಕ್ಕೆ ಕುಳಿತಾಗ ಬಡಿಸುವ ಹೆಣ್ಣುಮಗಳು ನನ್ನ ಎಲೆಯ ಮುಂದೆ ಬಂದು, ಹುಗ್ಗಿಯ ಸೌಟು ಹಿಡಿದು, "ಆತೇನ್ರೀ?" ಅಂದಳು. ಇಡೀ ಸಾಲು ಒಂದೇ ಧ್ವನಿಯಲ್ಲಿ "ಆತ್ರಿ ಅಕ್ಕಾರ!" ಅಂತು. ಶಿವನ ಮುಂದೆ ಕುಳಿತು ಭೂಮಿಯೇ ಬಾಯಿಬಿಡು ಎಂದು ಬೇಡಿಕೊಂಡೆ.

ಇನ್ನೊಂದು ಆಯುಧಪೂಜೆಯ ದಿನದ ಸಂಗತಿ. ನಮ್ಮ ಮನೆಯವರಿಗೆ ಕಂಡದ್ದನ್ನೆಲ್ಲ ತೂಗುವ ಚಟ. ಹೊಸ ಎತ್ತು, ಬೀಗರ ಮೋಟಾರ್‌ಸೈಕಲ್ಲು, ಆ ಸೈಕಲ್ಲಿನ ಮೇಲೆ ಬೀಗರು! ಅಂದು ನಾನು ಆರತಿ ಹಿಡಿದು ಕಾಟಾದ ಹಾಸಿನ ಮೇಲೆ ಕಾಲಿಟ್ಟೆ. ಪೂಜೆಗೆ ಬಂದವರೆಲ್ಲ ಸುತ್ತಲೂ ಕೈಮುಗಿದು ನಿಂತಿದ್ದರು. ಇವರು ಕೋಣೆಯೊಳಗಿಂದ ಗುಂಡಿ ಒತ್ತಿದರು. ನನ್ನ ತೂಕವನ್ನು ನನ್ನದೇ ಬಾಯಿ ಊರಿಗೆಲ್ಲ ಸಾರಿತು: "ಎಂಟು. ಸೊನ್ನಿ, ಆತೇನ್ರೀ?"

ನಾನು ಎಪ್ಪತ್ತಾರೇ ಇದ್ದದ್ದು! ಹತ್ತರ ಲೆಕ್ಕದ ಯಂತ್ರ ಎಂಬತ್ತು ಮಾಡಿತು. ಯಾರಿಗೆ ಹೇಳಲಿ? "ಆರತಿ ತಾಟೂ ಕೂಡೈತ್ರಿ!" ಎಂದು ಅರಚಿದೆ. ಮೊದಲೇ ನಗುತ್ತಿದ್ದವರು ಇನ್ನಷ್ಟು ನಕ್ಕರು.

ಇಂಥ ಧ್ವನಿ ಕಳೆದ ವರ್ಷ ಹೋಯಿತು. ಗಂಟಲಲ್ಲಿ ಗಂಟು ಬೆಳೆದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ತೆಗೆದರು. ಕೆಟ್ಟ ಗಂಟಲ್ಲ ಅಂದರು, ದೇವರ ದಯೆ. ಅನ್ನ ಇಳಿಯುತ್ತದೆ, ಅದೂ ದಯೆ. ಮಾತು ಮಾತ್ರ ಬೀಸುಕಲ್ಲಿನಲ್ಲಿ ಉಸುಕು ಹಾಕಿ ತಿರುವಿದ ಹಾಗೆ ಆಯಿತು. ಜೋರು ಮಾಡಿದರೆ ಅದೂ ಇಲ್ಲ, ಬರೀ ಗಾಳಿ. ಜೋರಾಗಿ ಮಾತಾಡಲೇಬೇಡಿ, ಮೊದಲಿನ ಧ್ವನಿ ಬರುವುದು ಕಷ್ಟ ಎಂದರು ಡಾಕ್ಟರು. ಭಜನೆಯಲ್ಲಿ ಹಿಂದಿನ ಸಾಲಿಗೆ ಸರಿದು ತಾಳ ಹಿಡಿದೆ. ತಾಳಕ್ಕೆ ಗಂಟಲು ಬೇಡವಲ್ಲ!

ಆದರೆ ಹೊರಗೆ ಸ್ಪೀಕರ್ ಎಂದಿನಂತೆ ಕೂಗುತ್ತಿತ್ತು. ಮೊದಲು ನಾಚಿಕೆಯಾಗುತ್ತಿದ್ದದ್ದು ಮಂದಿ ನಕ್ಕದ್ದಕ್ಕೆ. ಈಗ ನಗುತ್ತಿರಲಿಲ್ಲ, ಅದೇ ಹೆಚ್ಚು ನಾಚಿಕೆ. "ಆತ್ರಿ ಅಕ್ಕಾರ" ಅನ್ನುವವರು ನನ್ನನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಮನೆಗೆ ಬಂದ ಹೊಸಬರೊಬ್ಬರು ನಾನು "ಬರ್ರಿ" ಅಂದದ್ದು ಕೇಳಿ, ಸ್ಪೀಕರಿನ ಕಡೆ ಒಮ್ಮೆ ನೋಡಿ, "ಮಗಳದೇನ್ರಿ?" ಅಂದರು. ನನಗೇ ನಾನು ಮಗಳಾದೆ!

ಹಾಗಾಗಿ ಈ ಹತ್ತಿಯ ಸುಗ್ಗಿಯಲ್ಲಿ ಕಂಪ್ಯೂಟರ್ ಸುಟ್ಟ ವಾಸನೆ ಬಿಟ್ಟು ಪ್ರಾಣ ಬಿಟ್ಟಾಗ ನಾನು ದೇವರಿಗೆ ಎಣ್ಣೆ ದೀಪ ಹಚ್ಚಿದೆ. ಹೊಸದು ಬರುತ್ತದೆ, ನನ್ನ ಬಾಯಿ ಹೋಗುತ್ತದೆ.

ಡಾಕ್ಟರಿಗೆ ತೋರಿಸುವುದಿತ್ತು, ಅದರ ಜೊತೆಗೇ ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದೆವು. ಇವರ ಕೈಯಲ್ಲಿ ಒಂದು ಬಿಳಿ ಅರಿವೆಯ ಗಂಟು. ಬಿಚ್ಚಿದರೆ ಹಳೇ ವಿಂಡೋಸಿನ ಸೀಡಿ, ನನ್ನ ಧ್ವನಿ ಸಮೇತ ಕಾಟಾದ ಸಾಫ್ಟ್‌ವೇರಿನ ಸೀಡಿ! ಇಷ್ಟು ದಿನ ದೇವರ ಜಗಲಿಯ ಮೇಲೆ, ಲಿಂಗದ ಹಿಂದೆ ಇಟ್ಟಿದ್ದರಂತೆ. ದಿನಾ ಹೂ ಏರಿಸಿದವಳು ನಾನು!

"ಕಾಕಾರ, ಇದರ ಮ್ಯಾಲೆ ವಿಭೂತಿ ಐತಲ್ರಿ!" ಅಂದ ಅಂಗಡಿಯವ.

"ಒರಸು. ಓದ್ತೈತಿ. ಹೊಸ ಕಂಪ್ಯೂಟರ್ ಕೊಡು, ಆದ್ರ ಒಳಗ ಇದ ಹಳೇ ವಿಂಡೋಸ್ ಹಾಕು."

"ಹೊಸ ಎತ್ತಿಗೆ ಹಳೇ ನೊಗ ಯಾಕ್ರಿ? ಇದಕ್ಕೀಗ ಕಂಪನ್ಯಾವರು ಸುದ್ದಾ ನೋಡೂದು ಬಿಟ್ಟಾರ. ಇಂಟರ್ನೆಟ್ ಹಚ್ಚಿದ್ರ ವೈರಸ್ ಹೊಕ್ಕತಾವು."

"ಹಚ್ಚೂದ ಇಲ್ಲ. ನಮ್ಮ ಕಾಟಾಕ್ಕ ಟ್ರ್ಯಾಕ್ಟರ್ ಬರ್ತಾವ, ವೈರಸ್ ಬರೂದಿಲ್ಲ."

"ಆ ಹಳೇ ಸಾಫ್ಟ್‌ವೇರ್ ಹೊಸ ವಿಂಡೋಸಿನ್ಯಾಗ ನಡಿಯೂದಿಲ್ಲ, ಖರೆ. ಅದಕ್ಕ ಸಾಫ್ಟ್‌ವೇರೂ ಹೊಸಾದ ಹಾಕ್ತೀನ್ರಿ. ಅದೂ ಕನ್ನಡ ಮಾತಾಡ್ತೈತಿ, ಕೇಳ್ರಿಲ್ಲೆ."

ಅವನು ಗುಂಡಿ ಒತ್ತಿದ. ಜೇನಿನಲ್ಲಿ ಅದ್ದಿದಂಥ ಧ್ವನಿ: "ನಿಮ್ಮ ವಾಹನದ ತೂಕ ಎರಡು ಸಾವಿರದ ನೂರ ನಲವತ್ತು ಕಿಲೋಗ್ರಾಂ. ಧನ್ಯವಾದಗಳು."

ನಮ್ಮ ಮನೆಯವರು ತಲೆ ಕೊಡವಿದರು. "ಈಕಿ ಯಾರ್ ಮಾರಾಯಾ? ಧನ್ಯವಾದ ಅಂತಾಳ, ಆತೇನು ಅಂತ ಕೇಳೂದ ಇಲ್ಲ! ನಮ್ಮ ಮಂದಿ ಈಕಿಗೇನ್ ಉತ್ತರಾ ಕೊಡಬೇಕು?"

ನನಗೆ ತಡೆಯಲಾಗಲಿಲ್ಲ. ಇವರ ಅಂಗಿ ಜಗ್ಗಿ, ಇದ್ದಷ್ಟು ಗಂಟಲಿನಲ್ಲಿ ಹೇಳಿದೆ: "ಆಕಿನ್ನ ಹಾಕಸ್ರಿ. ನಂದ ತಗಸ್ರಿ. ನಿಮ್ಮ ಕೈ ಮುಗೀತೇನಿ, ನನಗ ನಾಚಿಕಿ ಆಗ್ತೈತಿ."

ಫ್ಯಾನಿನ ಸಪ್ಪಳಕ್ಕೆ ಅಂಗಡಿಯವನಿಗೆ ಏನೂ ಕೇಳಲಿಲ್ಲ. "ಅಕ್ಕಾರ ಏನಂದ್ರಿ?"

"ಹಳೇದ ಇರಲಿ ಅಂದ್ಲು," ಅಂದರು ನಮ್ಮ ಮನೆಯವರು.

ನೋಡಿರಿ ಅನ್ಯಾಯ! ಬಾಯಿ ಹೋದವಳ ಮಾತಿಗೆ ಇಂಥ ದುಭಾಷಿ! ಅಂಗಡಿಯವ ಗೊಣಗುತ್ತ ಗೋದಾಮಿನ ಮೂಲೆಯಿಂದ, ಹಳೇ ವಿಂಡೋಸಿಗೆ ಹೊಂದುವ, ಇನ್ನೂ ಡಬ್ಬಿ ಒಡೆಯದ ಒಂದು ಹಳೇ ಮಾದರಿಯ ಮಷೀನು ಹುಡುಕಿ ತಂದ. ವಿಭೂತಿ ಹಚ್ಚಿಕೊಂಡ ಸೀಡಿ ಒಂದೇ ಸಲಕ್ಕೆ ಓದಿಸಿಕೊಂಡಿತು. ಆ ದೇವರೂ ಗಂಡಸರ ಕಡೆಯೇ! ಬಸ್ಸಿನಲ್ಲಿ ಊರು ಮುಟ್ಟುವವರೆಗೆ ನಾನು ಮಾತಾಡಲಿಲ್ಲ. ನನ್ನ ಸಿಟ್ಟು ಇವರಿಗೆ ಗೊತ್ತೇ ಆಗಲಿಲ್ಲ ಅನಿಸುತ್ತದೆ. ಇತ್ತೀಚೆಗೆ ಮಾತಾಡುವುದು ಹೇಗೂ ಕಡಿಮೆಯಾಗಿತ್ತಲ್ಲ.

ಮರುದಿನ ಮುಂಜಾನೆ ನಾಷ್ಟಾಕ್ಕೆ ಕರೆಯಲು ಕಾಟಾದ ಕೋಣೆಗೆ ಹೋದೆ. ಮೊದಲಾದರೆ ಅಡುಗೆಮನೆಯಿಂದಲೇ ಕೂಗುತ್ತಿದ್ದೆ. ಈಗ ಬಾಗಿಲ ತನಕ ನಡೆಯಬೇಕು. ಹಾಸಿನ ಮೇಲೆ ಯಾವ ಗಾಡಿಯೂ ಇರಲಿಲ್ಲ. ಇವರು ಹೊಸ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದರು. ಗುಂಡಿ ಒತ್ತಿದರು.

"ಸೊನ್ನಿ, ಆತೇನ್ರೀ?"

"ಆತು," ಅಂದರು ಇವರು ಮೆಲ್ಲಗೆ. "ನಿಂದು ಆತೇನು?"

ಇವರು ಸ್ವಲ್ಪ ಹೊತ್ತು ಕಾದರು, ನಿಜವಾಗಿಯೂ ಉತ್ತರಕ್ಕೆ ಕಾಯುವವರ ಹಾಗೆ. ಮತ್ತೆ ಗುಂಡಿಯ ಮೇಲೆ ಬೆರಳಿಟ್ಟರು.

"ಇನ್ನೂ ಇಲ್ರಿ," ಅಂದೆ ನಾನು ಬಾಗಿಲಲ್ಲಿ ನಿಂತು. "ಕೂಡೇ ಉಣ್ಣೂಣು ಬರ್ರಿ."

ಹೇಳಿದ್ದೇನೋ ಹೌದು, ಜೋರು ಮಾಡಲು ಹೋಗಿ ಅರ್ಧ ಗಾಳಿಯಾಯಿತು. ಕೆಮ್ಮು ಬಂತು. ಇವರು ಗಡಬಡಿಸಿ ಎದ್ದು ನೀರಿನ ತಂಬಿಗೆ ಕೊಟ್ಟರು.

"ಒದರಬ್ಯಾಡ ಅಂತ ಡಾಕ್ಟರ್ ನಿನ್ನೆ ಸುದ್ದಾ ಹೇಳ್ಯಾರ. ಒದರಾಕ ಅದೈತಲ್ಲ. ನೀ ಸಾವಕಾಶ ನನಗಷ್ಟ ಹೇಳು, ನಾ ಸನೇಕ ಬಂದ ಕೇಳ್ತೇನಿ."

ಅಷ್ಟರಲ್ಲಿ ಹತ್ತಿಯ ಟ್ರ್ಯಾಕ್ಟರೊಂದು ಹಾಸಿನ ಮೇಲೆ ಏರಿತು. ಇವರು ತಂಬಿಗೆಯನ್ನು ನನ್ನ ಕೈಯಲ್ಲೇ ಬಿಟ್ಟು ಗುಂಡಿ ಒತ್ತಿದರು. ನೆತ್ತಿಯ ಮೇಲಿಂದ, ಒಲೆಯ ಮೇಲೆ ಹಾಲಿಟ್ಟು ಬಂದ ಆ ಹೆಣ್ಣುಮಗಳು ಊರಿಗೆಲ್ಲ ಕೂಗಿದಳು: "ಮೂರು. ಲಾಭ. ಏಳು. ಸೊನ್ನಿ, ಆತೇನ್ರೀ?"

"ಆತ್ರಿ ಅಕ್ಕಾರ!" ಅಂದ ಟ್ರ್ಯಾಕ್ಟರಿನವ. ಕಿಟಕಿಯಲ್ಲಿ ನನ್ನನ್ನು ಕಂಡು ದನಿ ತಗ್ಗಿಸಲು ಹೋದ.

ನಾನು ಕೈ ಎತ್ತಿ, ಆತಪ್ಪಾ ಹೋಗಿ ಬಾ ಎಂದು ಬೀಸಿದೆ. ಸೆರಗು ಹೆಗಲ ಮೇಲೆಯೇ ಇತ್ತು.