ಲಿಫ್ಟಣ್ಣನ ಕೌಶಲಾಭಿವೃದ್ಧಿ

ಕುರ್ಚಿಯ ಮೇಲೆ ಕೂರುವುದು ಮನುಷ್ಯಕುಲವನ್ನು ಕಾಡಿರುವ ಅತಿ ಗಂಭೀರ ಸಮಸ್ಯೆಗಳಲ್ಲೊಂದು. ಅದಕ್ಕಾಗಿ ಅಣ್ಣತಮ್ಮಂದಿರು ಕತ್ತಿ ಹಿರಿದಿದ್ದಾರೆ, ರಾಜ್ಯಗಳು ಉರುಳಿವೆ. ಆದರೆ ಅವರೆಲ್ಲ ಜೀವಮಾನವಿಡೀ ಕೂರುವ ಆಸೆಯವರು. ನಮ್ಮ ನಾಯಕನಿಗೆ ಬೇಕಾಗಿದ್ದುದು ಏಳನೇ ಮಹಡಿಯ ಒಂದು ಪ್ಲಾಸ್ಟಿಕ್ ಕುರ್ಚಿ. ಅದೂ ಒಂದು ದಿನದ ಮಟ್ಟಿಗೆ, ಮುಕ್ಕಾಲು ಗಂಟೆಯಂತೆ ಮೂರು ಸಲ.

ಅವನು ವಿಮಾ ಕಚೇರಿಯೊಂದರ ಹಳೇ ಲಿಫ್ಟು ನಡೆಸುವವನು. ಗುಂಡಿ ಒತ್ತಿದರೆ ತಾನಾಗಿ ಹೋಗುವ ಲಿಫ್ಟಲ್ಲ. ಹಿತ್ತಾಳೆಯ ಹಿಡಿ ತಿರುಗಿಸಿ, ಸರಿಯಾದ ಗಳಿಗೆಗೆ ಬಿಟ್ಟು, ಜಾಲರಿ ಬಾಗಿಲನ್ನು ಎಳೆಯಬೇಕಾದದ್ದು. ಇಪ್ಪತ್ತೊಂಬತ್ತು ವರ್ಷ ಎಳೆದಿದ್ದ. ಕಚೇರಿಗೆ ಕಚೇರಿಯೇ ಅವನನ್ನು ಲಿಫ್ಟಣ್ಣ ಎನ್ನುತ್ತಿತ್ತು. ಪಿಂಚಣಿಗೆ ಇನ್ನು ಎರಡು ವರ್ಷ ಬಾಕಿ ಇರುವಾಗ ಸುತ್ತೋಲೆ ಬಂತು: ಬದಲಾಗುತ್ತಿರುವ ಕೆಲಸದ ಜಗತ್ತಿಗೆ ಬೇಕಾದ ಕೌಶಲಗಳ ಬಗ್ಗೆ ಏಳನೇ ಮಹಡಿಯಲ್ಲಿ ಮೂರು ಪಾಠ, ಪ್ರತಿ ಪಾಠದ ಕೊನೆಗೆ ಸಹಿ, ಸಂಜೆ ಐದರೊಳಗೆ ಪ್ರಮಾಣಪತ್ರ ಪಡೆಯದವರ ಸೇವೆ ಮುಂದುವರಿಯುವುದಿಲ್ಲ.

“ರೀ, ಆ ಕಾಗದ ಇಲ್ದೆ ಮನೆಗೆ ಬರಬೇಡಿ” ಎಂದಿದ್ದಳು ಹೆಂಡತಿ, ಹೊರಡುವಾಗ. “ಐವತ್ತಾರನೇ ವಯಸ್ಸಲ್ಲಿ ನಿಮಗ್ಯಾರು ಕೆಲಸ ಕೊಡ್ತಾರೆ? ಮೇಲಕ್ಕೆ ಹೋಗೋದು, ಕೆಳಕ್ಕೆ ಬರೋದು ಬಿಟ್ರೆ ಪಕ್ಕಕ್ಕೆ ಸರಿಯೋದೂ ಗೊತ್ತಿಲ್ಲ ನಿಮಗೆ.”

ಮಾತು ಕಟುವಾಗಿದ್ದರೂ ವರದಿ ನಿಖರವಾಗಿತ್ತು.

ಹತ್ತಕ್ಕೆ ಮೊದಲ ಪಾಠ. ಕಲಿಯುವವರು ಅವನನ್ನು ಬಿಟ್ಟು ಅರವತ್ತೆರಡು ಮಂದಿ. ಲಿಫ್ಟಿಗೆ ಹಿಡಿಸುವುದು ಆರು. ಹನ್ನೊಂದು ಸಲ ಮೇಲಕ್ಕೆ ಹೋಗಿ, ಹತ್ತು ಸಲ ಕೆಳಕ್ಕೆ ಬಂದು, ಕೊನೆಯವರು ಒಳಗೆ ಹೋದ ಮೇಲೆ ಲಿಫ್ಟನ್ನು ಭದ್ರಪಡಿಸಿ, ಲಿಫ್ಟಣ್ಣ ಬೆವರೊರೆಸಿಕೊಳ್ಳುತ್ತ ಬಾಗಿಲು ತಳ್ಳಿದಾಗ ಬಿಳಿ ಬೂಟಿನ ತರಬೇತುದಾರ ಮಾತು ನಿಲ್ಲಿಸಿ ಅವನತ್ತ ಬೆರಳು ಮಾಡಿದ.

“ನೋಡಿ, ಇಷ್ಟು ಹೊತ್ತು ನಾನು ಹೇಳ್ತಿದ್ದದ್ದು ಇದನ್ನೇ!”

ಮೊದಲ ಪಾಠ ಸಮಯ ಪಾಲನೆಯನ್ನು ಕುರಿತದ್ದಾಗಿತ್ತು. ಅವನು ಸಮಯಕ್ಕೆ ಸರಿಯಾಗಿ ತಲುಪಿಸಿದ್ದ ಅರವತ್ತೆರಡು ಜನರೂ ಚಪ್ಪಾಳೆ ತಟ್ಟಿ ನಕ್ಕರು. ಸಹಿ ಸಿಗಲಿಲ್ಲ.

“ನೀವು ಒಳ್ಳೇ ದೇವರು ಹೊತ್ತ ಹಾಗೆ ಎಲ್ಲರನ್ನೂ ಹೊತ್ಕೊಂಡು ಓಡಾಡ್ತೀರಲ್ಲ” ಎಂದು ಗದರಿದರು ಟೈಪಿಂಗಮ್ಮ. ಕಚೇರಿಯಲ್ಲಿ ಯಾರಿಗೆ ಕಷ್ಟ ಬಂದರೂ ಸಲಹೆ ಅವರದೇ. ಸಲಹೆಯ ನಂತರ ಬರುವ ಕಷ್ಟ ಮಾತ್ರ ಆಯಾ ವ್ಯಕ್ತಿಯದು. “ವಾಚ್‌ಮನ್ ಕೈಗೆ ಕೊಟ್ಟು ಬನ್ನಿ. ಹಿಡಿ ತಿರುಗಿಸೋದು ಅದೇನು ಮಹಾ?”

ಎರಡನೇ ಪಾಠಕ್ಕೆ ಲಿಫ್ಟಣ್ಣ ಹಾಗೇ ಮಾಡಿದ. ಮುಂದಿನ ಸಾಲಿನಲ್ಲೇ ಕುರ್ಚಿ. ಕೂತ ಕೂಡಲೇ ಕಾಲುಗಳು ‘ಇದೇನಾಯಿತು’ ಎಂಬಂತೆ ನೆಲ ತಡಕಾಡಿದವು. ಇಪ್ಪತ್ತು ನಿಮಿಷ ಕಳೆಯಿತು. ಬದುಕಿನಲ್ಲಿ ಒಂದು ಭರವಸೆ ಮೂಡಿತು. ಆಗಲೇ ಕೆಳಗಿನಿಂದ ಕೂಗು ಕೇಳಿಸಿತು.

ವಾಚ್‌ಮನ್ ಮ್ಯಾನೇಜರರನ್ನು ಮೇಲಕ್ಕೆ ಕರೆತರುವ ಉತ್ಸಾಹದಲ್ಲಿ ಹಿಡಿಯನ್ನು ಬಾವಿಯ ರಾಟೆಯೆಂಬಂತೆ ಜಗ್ಗಿ ಫ್ಯೂಸು ಹಾರಿಸಿದ್ದ. ಲಿಫ್ಟು ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿತ್ತು. ಮೂರನೇ ಮಹಡಿಯವರಿಗೆ ಮ್ಯಾನೇಜರರ ಬೂಟು ಕಾಣುತ್ತಿತ್ತು, ನಾಲ್ಕನೆಯವರಿಗೆ ಬೋಳುತಲೆ. ನಡುವಿನ ಭಾಗ ಯಾರ ಪಾಲಿಗೂ ಬಂದಿರಲಿಲ್ಲ.

“ಲಿಫ್ಟಣ್ಣಾ!” ಎಂದಿತು ತಲೆ. ಬೂಟು ನೆಲ ಗುದ್ದಿತು.

ಛಾವಣಿಯ ಮೇಲಿನ ಚಕ್ರವನ್ನು ಕೈಯಲ್ಲಿ ಸುತ್ತಿ ಮ್ಯಾನೇಜರರನ್ನು ಗೇಣು ಗೇಣಾಗಿ ಇಳಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಇತ್ತ ಎರಡನೇ ಪಾಠ ಮುಗಿದಿತ್ತು. ಅದರ ಹೆಸರು ‘ಅನಿರೀಕ್ಷಿತ ಸಮಸ್ಯೆಗಳ ನಿವಾರಣೆ’.

“ನಾನು ಅದನ್ನೇ ಮಾಡ್ತಿದ್ದೆ ಸಾರ್” ಎಂದ ಲಿಫ್ಟಣ್ಣ, ಕೈಯ ಎಣ್ಣೆ ತೋರಿಸಿ.

“ಮಾಡೋದು ಬೇರೆ, ಕಲಿಯೋದು ಬೇರೆ” ಎಂದ ತರಬೇತುದಾರ, ಬೇಸರವಿಲ್ಲದೆ.

ಹೆಂಡತಿಯ ಫೋನು ಬಂತು. “ಎಷ್ಟು ಸಹಿ ಆಯ್ತು?”

“ಆಗ್ತಾ ಇದೆ.”

“ಎಷ್ಟು ಅಂದೆ.”

“ಲೈನ್ ಸರಿಯಿಲ್ಲ ಕಣೇ” ಎಂದು ಫೋನಿಟ್ಟ. ಲೈನು ಸರಿಯಾಗೇ ಇತ್ತು, ಸರಿಯಿಲ್ಲದ್ದು ಉಳಿದದ್ದೆಲ್ಲ.

ಮೂರನೆಯ ಪಾಠ ಊಟದ ನಂತರ. ಈ ಸಲ ಲಿಫ್ಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಬನಿಯನ್ನಿನೊಳಗೆ ಸೇರಿಸಿ ಬಂದು ಕೂತ. ತರಬೇತುದಾರ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದ. “ಹತ್ತು ವರ್ಷದ ನಂತರ ನೀವು ಎಲ್ಲಿರ್ತೀರ ಅಂತ ಕಲ್ಪಿಸ್ಕೊಳ್ಳಿ.” ಲಿಫ್ಟಣ್ಣ ಎಲ್ಲೂ ಇರಲಿಲ್ಲ, ಬೆಳಗಿನಿಂದ ನಿಂತ ದೇಹಕ್ಕೆ ಕುರ್ಚಿ ಸಿಕ್ಕಿ ನಿದ್ದೆ ಕಂಬಳಿಯಂತೆ ಮೈಮೇಲೆ ಬಿತ್ತು. ಐದು ನಿಮಿಷದ ಮೇಲೆ ತರಬೇತುದಾರ ಪುಟ್ಟ ಗಂಟೆ ಬಾರಿಸಿದ. ಲಿಫ್ಟಣ್ಣ ಕಣ್ಣು ಮುಚ್ಚಿಕೊಂಡೇ ಎದ್ದುನಿಂತು, ಪಕ್ಕದಲ್ಲಿದ್ದ ಟೈಪಿಂಗಮ್ಮನ ಕೈಚೀಲದ ಹಿಡಿಯನ್ನು ಬಲಕ್ಕೆ ತಿರುಗಿಸುತ್ತ ಕೂಗಿದ:

“ಮೇಲಕ್ಕೋ ಕೆಳಕ್ಕೋ? ಬಾಗಿಲಿಂದ ದೂರ ನಿಲ್ಲಿ!”

ನಗೆ ಏಳೂ ಮಹಡಿಗೆ ಕೇಳಿಸಿತು. ಪಾಠದ ವೇಳೆ ನಿದ್ದೆ ಹೋದವರಿಗೆ ಸಹಿ ಇಲ್ಲವೆಂಬ ನಿಯಮವನ್ನು ಎಲ್ಲರಿಗೂ ಓದಿ ಹೇಳಲಾಯಿತು. ಎದ್ದು ಕೂಗದ ಕಾರಣ ಹಿಂದಿನ ಸಾಲಿನ ಗುಮಾಸ್ತನೊಬ್ಬನ ನಿದ್ದೆ ಯಾರ ಗಮನಕ್ಕೂ ಬರದೆ ಅವನು ಪಾಸಾದ.

ನಾಲ್ಕು ಗಂಟೆಗೆ ಅರವತ್ತೆರಡು ಪ್ರಮಾಣಪತ್ರ ಹಂಚಿ ಮುಗಿಯಿತು. ಅರವತ್ತೆರಡು ಜನರೂ ಅವನ್ನು ಎದೆಗವಚಿಕೊಂಡು ಲಿಫ್ಟಿನಲ್ಲಿ ಇಳಿದರು. “ಬೇಜಾರು ಮಾಡ್ಕೋಬೇಡಿ ಲಿಫ್ಟಣ್ಣ, ಎಲ್ಲಾ ಒಳ್ಳೇದಕ್ಕೇ” ಎಂದು ಒಬ್ಬೊಬ್ಬರೂ ಹೇಳಿದರು. ಹನ್ನೊಂದು ಸಲ ಇಳಿಯುವಷ್ಟರಲ್ಲಿ ಆ ಮಾತು ಅವನಿಗೆ ಬಾಯಿಪಾಠವಾಯಿತು.

ಕೊನೆಗೆ ತರಬೇತುದಾರ ಚೀಲ ಹಿಡಿದು ಒಳಗೆ ಬಂದ. “ಕೆಳಕ್ಕೆ. ಮ್ಯಾನೇಜರಿಗೆ ವರದಿ ಕೊಡಬೇಕು.” ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಐದಕ್ಕೂ ನಾಲ್ಕಕ್ಕೂ ನಡುವೆ ಲಿಫ್ಟಣ್ಣ ಹಿಡಿ ಬಿಟ್ಟ.

“ಏನಾಯ್ತು?”

“ಕೆಟ್ಟಿದೆ ಸಾರ್.”

“ಎಷ್ಟು ಹೊತ್ತಾಗುತ್ತೆ?”

“ಒಂದು ತರಬೇತಿ ಆಗೋಷ್ಟು ಹೊತ್ತು ಸಾರ್.”

ತರಬೇತುದಾರ ಜಾಲರಿಯಾಚೆಯ ಗೋಡೆ ನೋಡಿದ, ಲಿಫ್ಟಣ್ಣನ ಮುಖ ನೋಡಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರಿಗೂ ಎದುರಾಡದ ಮುಖ ಅದು. “ಎರಡು ವರ್ಷ ಸಾರ್. ಎರಡೇ ಎರಡು ವರ್ಷ. ಆಮೇಲೆ ನಾನಾಗೇ ಹೋಗ್ತೀನಿ” ಎಂದಿತು ಆ ಮುಖ.

ತರಬೇತುದಾರ ಕೆಟ್ಟವನಲ್ಲ. ನಿಟ್ಟುಸಿರಿಟ್ಟು ಚೀಲದ ಮೇಲೆ ಕೂತ. “ಮೂರೂ ಪಾಠಕ್ಕೆ ಸಾಟಿಯಾದ ಒಂದು ಪರೀಕ್ಷೆ ಇದೆ. ನಿಮಗೆ ಬರೋ ಒಂದು ಕೆಲಸಾನ, ಅದರ ಗಂಧಗಾಳಿ ಇಲ್ಲದವರಿಗೆ ಕಲಿಸಿ ತೋರಿಸಬೇಕು. ಅವರಿಗೆ ಬಂದರೆ ನೀವು ಪಾಸು.”

“ನನಗೆ ಬರೋದು ಇದೊಂದೇ ಸಾರ್.”

“ಇದನ್ನೇ ಕಲಿಸಿ. ನಾನೇ ಶಿಷ್ಯ.”

ಲಿಫ್ಟಣ್ಣ ಕಲಿಸಿದ. ಎಂಥ ಕಲಿಸುವಿಕೆ! ಮಹಡಿಯ ನಂಬರು ನೋಡಿ ಹಿಡಿ ಬಿಡಬಾರದು. ನಾಲ್ಕರ ಕೆಳಗೆ ಸುಣ್ಣ ಎದ್ದ ಜಾಗ ಮೊಣಕಾಲಿಗೆ ಬಂದಾಗ ಬಿಡಬೇಕು. ಮೂರಕ್ಕೆ ಒಂದು ಮೊಳೆ ಗುರುತು, ಎರಡಕ್ಕೆ ಬಿರುಕು. ಆರು ಜನರಿದ್ದರೆ ಒಂದು ಗೇಣು ಮೊದಲೇ. “ಜಗ್ಗಬೇಡಿ ಸಾರ್, ಮಲಗಿದ ಮಗೂ ಕೈಯಿಂದ ಬೆರಳು ಬಿಡಿಸ್ಕೊಳ್ಳೋ ಹಾಗೆ ಬಿಡಿ.” ಮೊದಲ ಸಲ ಲಿಫ್ಟು ಎಗರಿತು, ಎರಡನೇ ಸಲ ಕೆಮ್ಮಿತು. ಮೂರನೇ ಸಲ ಬಿಳಿ ಬೂಟಿನ ತರಬೇತುದಾರ ಅದನ್ನು ನೆಲಮಹಡಿಗೆ ಎಷ್ಟು ನಯವಾಗಿ ಇಳಿಸಿದನೆಂದರೆ ಜಾಲರಿ ತಾನಾಗಿ ಸರಿದಂತಿತ್ತು.

“ಭೇಷ್ ಸಾರ್!” ಎಂದ ಗುರು. “ಭೇಷ್ ನಿಮಗೆ!” ಎಂದ ಶಿಷ್ಯ, ಪ್ರಮಾಣಪತ್ರಕ್ಕೆ ಸಹಿ ಹಾಕಿ. ಗಂಟೆ ನಾಲ್ಕೂ ನಲವತ್ತು.

ಲಿಫ್ಟಣ್ಣ ಹೆಂಡತಿಗೆ ಫೋನು ಮಾಡಿ, ಸಿಹಿ ಏನಾದರೂ ಮಾಡು ಎಂದ. ಅವಳು ಮೂಗೆಳೆದುಕೊಂಡದ್ದು ಕೇಳಿಸಿತು. ಇವನೂ ಕಣ್ಣೊರೆಸಿಕೊಂಡ.

ಐದಕ್ಕೆ ಹತ್ತು ನಿಮಿಷವಿರುವಾಗ ಮ್ಯಾನೇಜರರಿಂದ ಕರೆ. ಒಳಗೆ ಹೋದರೆ ಅವರ ಮುಖ ಅರಳಿತ್ತು, ಕೈಯಲ್ಲಿ ವರದಿ.

“ಏನಯ್ಯಾ ಲಿಫ್ಟಣ್ಣ! ನಿನ್ನನ್ನ ಹೊಗಳಿ ಒಂದು ಪುಟ ಬರೆದಿದ್ದಾನೆ. ಕೇಳು: ‘ಇಂಥ ಶಿಕ್ಷಕರನ್ನು ನಾನು ಕಂಡಿಲ್ಲ. ಲಿಫ್ಟಿನ ಗಂಧಗಾಳಿ ಇಲ್ಲದ ನನಗೆ ಇಪ್ಪತ್ತೇ ನಿಮಿಷದಲ್ಲಿ ಇವರ ಪೂರ್ತಿ ಕೆಲಸ ಬಂದಿತು.’ ಅಲ್ಲಯ್ಯಾ, ನಾವು ಇಷ್ಟು ವರ್ಷ ಇದೇನೋ ಬ್ರಹ್ಮವಿದ್ಯೆ ಅಂದ್ಕೊಂಡಿದ್ವಿ. ಇಪ್ಪತ್ತು ನಿಮಿಷದ್ದಾ!”

ಲಿಫ್ಟಣ್ಣ ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕ.

“ನಾಳೆ ಬೆಳಿಗ್ಗೆ ಅರವತ್ತೆರಡು ಜನಕ್ಕೂ ಕಲಿಸಿಬಿಡು. ನಾಡಿದ್ದಿಂದ ಅವರವರೇ ನಡೆಸಿಕೊಳ್ಳಲಿ. ಅದಕ್ಕೊಂದು ಆಳು ಯಾತಕ್ಕೆ?”

“ಮತ್ತೆ ನಾನು ಸಾರ್?”

“ನಿನಗೇನಯ್ಯಾ ಚಿಂತೆ? ಪ್ರಮಾಣಪತ್ರ ಇರೋ ಮನುಷ್ಯ. ಎಲ್ಲಿ ಹೋದರೂ ಕೆಲಸ ಸಿಗುತ್ತೆ.”

ಮಾರನೆಯ ದಿನ ಲಿಫ್ಟಣ್ಣ ಕಲಿಸಿದ. ಸಂಜೆಯೊಳಗೆ ಅರವತ್ತೆರಡು ಜನರೂ ಕಲಿತರು.