ನೋ ಕ್ಲೇಮ್ ಬೋನಸ್ ಮಾವ

ನಮ್ಮ ಸೋದರಮಾವನಷ್ಟು ಜಾಗ್ರತೆಯಿಂದ ಸ್ಕೂಟರ್ ಇಟ್ಟುಕೊಂಡ ಮನುಷ್ಯ ಹೊಸೂರಿನಲ್ಲಿರಲಿ, ಇಡೀ ತಮಿಳುನಾಡಿನಲ್ಲೇ ಇನ್ನೊಬ್ಬ ಇರಲಿಲ್ಲ ಅಂತ ನಾನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ. ಹನ್ನೊಂದು ವರ್ಷ! ಹನ್ನೊಂದು ವರ್ಷದಲ್ಲಿ ಅದು ಒಂದು ಕೋಳಿಮರಿಗೂ ತಾಗಲಿಲ್ಲ, ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಹೇಗಪ್ಪಾ ಅಂತೀರಾ? ಸ್ಕೂಟರ್ ನಡುಮನೆ ಬಿಟ್ಟು ಬೀದಿಗೆ ಇಳಿದಿದ್ದರೆ ತಾನೆ!

ಮಾವ ಸರ್ಕಾರಿ ವಿಮೆ ಕಂಪನಿಯ ಹೊಸೂರು ಶಾಖೆಯಲ್ಲಿ ಗುಮಾಸ್ತ. ಕೂರುವುದು ಮೋಟಾರು ವಿಭಾಗದಲ್ಲಿ. ಖಾಸಗಿಯವರ ಕೈಯಲ್ಲಿದ್ದ ವಿಮೆಯನ್ನೆಲ್ಲ ಸರ್ಕಾರ ತನ್ನ ಕೈಗೆ ತಗೊಂಡ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಆವತ್ತಿನಿಂದ ಅವರ ತಲೆಯೊಳಗೆ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ದೇಶದ ಮೋಟಾರು ವಿಮೆಯ ಖರ್ಚು ಇಳಿಸುವುದು ಮತ್ತು ಸರ್ಕಾರಿ ಆಫೀಸಿನ ಗುಟ್ಟು ಕಾಯುವುದು, ಈ ಎರಡನ್ನೂ ಸರ್ಕಾರ ತನಗೊಬ್ಬನಿಗೇ ವಹಿಸಿದೆ ಅಂತ. ಅವರ ಸಂಬಳ ನೋಡಿದರೆ ಸರ್ಕಾರಕ್ಕೆ ಆ ವಿಷಯ ಗೊತ್ತಿದ್ದಂತೆ ಕಾಣುತ್ತಿರಲಿಲ್ಲ.

ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದು, ಕೊನೆಗೊಂದು ದಿನ ಬೆಂಗಳೂರಿನಿಂದ ಅವರೇ ಓಡಿಸಿಕೊಂಡು ಬಂದರು. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತು. ನಮ್ಮತ್ತೆ ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಇನ್ನೂ ಕುಂಕುಮದ ಕೈ ಒರೆಸಿಕೊಳ್ಳುವ ಮುಂಚೆಯೇ ಕೇಳಿದಳು:

"ರೀ, ಇನ್ನ ನಮ್ಮಕ್ಕನ್ನ ನೋಡ್ಕಂಡ್ ಬರಬೌದಲ್ವಾ?"

ಅತ್ತೆಯ ಅಕ್ಕ ಇದ್ದದ್ದು ಅಂಚೆಟ್ಟಿಯಿಂದಾಚೆ ಬೆಟ್ಟದ ಮಗ್ಗುಲಿನ ಒಂದು ಹಳ್ಳಿಯಲ್ಲಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಅತ್ತೆಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಆ ಅಕ್ಕನೇ. ಅಂಚೆಟ್ಟಿಗೆ ದಿನಕ್ಕೆ ಎರಡು ಬಸ್ಸು, ಅಲ್ಲಿಂದ ಮುಂದಕ್ಕೆ ಏಳು ಮೈಲಿ ನಡಿಗೆ. ಅತ್ತೆಯ ಮಂಡಿ ಕೈಕೊಟ್ಟಿತ್ತು, ಅಕ್ಕನ ಮಂಡಿ ಅದಕ್ಕೂ ಮುಂಚೆಯೇ ಕೈಕೊಟ್ಟಿತ್ತು. ಆನೆ ಓಡಾಡುವ ಹಾದಿ ಅಂತ ಎತ್ತಿನ ಗಾಡಿಯವರು ಬರಲೊಲ್ಲರು. ಅತ್ತೆಗೆ ಆ ಸ್ಕೂಟರ್ ಬೇಕಾಗಿದ್ದದ್ದು ಇದೊಂದಕ್ಕೇ.

ಮಾವ ಗಂಭೀರವಾಗಿ ಹೇಳಿದರು: "ಒಂದ್ ವರ್ಷ ತಡಿಯೇ. ನೋ ಕ್ಲೇಮ್ ಬೋನಸ್ ಬರ್ಲಿ."

ಅಂದರೆ ಏನು ಅಂತ ಅತ್ತೆಗಷ್ಟೇ ಅಲ್ಲ, ಇಡೀ ಬೀದಿಗೆ ಅವರು ಪಾಠ ಮಾಡಿದರು. ವರ್ಷವಿಡೀ ಗಾಡಿಗೆ ಏನೂ ಆಗದೆ, ಕಂಪನಿಯಿಂದ ಏನೂ ಕೇಳದೆ ಇದ್ದರೆ ಮುಂದಿನ ವರ್ಷದ ಕಂತಿನಲ್ಲಿ ರಿಯಾಯಿತಿ. ಎರಡನೇ ವರ್ಷವೂ ಏನೂ ಆಗದಿದ್ದರೆ ಇನ್ನಷ್ಟು ರಿಯಾಯಿತಿ. ಒಂದೇ ಒಂದು ಸಲ ಕ್ಲೇಮು ಮಾಡಿದಿರೋ, ಗಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ! ಮೊದಲ ಕೆಲವು ವರ್ಷ "ಇನ್ನೊಂದ್ ಮೆಟ್ಲು ಏರ್ಲಿ ತಡಿ" ಅಂತ ನಡೆಯಿತು. ಏರಬೇಕಾದ ಮೆಟ್ಟಿಲೆಲ್ಲ ಏರಿ ಮುಗಿದ ಮೇಲೆ "ಇಷ್ಟ್ ಮೇಲೆ ಹತ್ತಿದೀವಿ, ಬಿದ್ರೆ ಏನ್ ಗತಿ" ಅಂತ ಶುರುವಾಯಿತು. ಅತ್ತೆ ಪ್ರತಿ ವರ್ಷ ಪಾಲಿಸಿ ಹೊಸದಾಗುವ ದಿನ ತಪ್ಪದೆ ಕೇಳುತ್ತಿದ್ದಳು, ಮಾವ ತಪ್ಪದೆ "ಮುಂದಿನ್ ವರ್ಷ" ಅನ್ನುತ್ತಿದ್ದರು.

ಹಾಗಂತ ಮಾವ ಕಲ್ಲು ಮನಸ್ಸಿನವರಲ್ಲ, ಪಾಪ. ಪ್ರತಿ ಭಾನುವಾರ ಸ್ಕೂಟರಿನ ಮೇಲಿನ ಬೆಡ್‌ಶೀಟ್ ತೆಗೆದು, ಅಂಗಳಕ್ಕೆ ತಂದು, ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಡದಿರಲಿ ಅಂತ ಐದು ನಿಮಿಷ ಚಾಲೂ ಮಾಡುತ್ತಿದ್ದರು. ಆಗ ಅತ್ತೆಯನ್ನು ಕರೆದು ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು! ತಾವೂ ಮುಂದೆ ಕೂತು ಹ್ಯಾಂಡಲ್ ಹಿಡಿದು, ನೇರ ಕಾಂಪೌಂಡ್ ಗೋಡೆ ನೋಡುತ್ತ, ಐದು ನಿಮಿಷ "ಓಡಿಸು"ತ್ತಿದ್ದರು.

"ಹೆಂಗೈತೆ?" ಅಂತ ಮಾವ ಹಿಂದೆ ತಿರುಗದೆ ಕೇಳುವರು.

"ಚೆನ್ನಾಗೈತೆ. ಗಾಳಿ ಒಂದು ಬರಲ್ಲ," ಅನ್ನುವಳು ಅತ್ತೆ.

ಇದನ್ನು ನೋಡಿ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಪಕ್ಕದ ಬೀದಿಯಲ್ಲೇ ನಮ್ಮ ಮನೆ, ಹತ್ತಿರದ ಶಾಲೆಯಲ್ಲೇ ನಾನು ಟೀಚರು. ಭಾನುವಾರದ ಈ ಸವಾರಿ ತಪ್ಪಿಸಿಕೊಳ್ಳುವಷ್ಟು ದಡ್ಡಿ ನಾನಲ್ಲ.

ಒಂದು ಸಲ ಮೇಲಿನಿಂದ ಒಂದು ಸುತ್ತೋಲೆ ಬಂತು. ಕ್ಲೇಮುಗಳ ಖರ್ಚು ಹೆಚ್ಚುತ್ತಿದೆ, ಹೀಗೇ ಆದರೆ ಜನರ ಮೇಲೆ ವಿಮೆಯ ಹೊರೆ ಏರುತ್ತದೆ, ಸಿಬ್ಬಂದಿ ಸಲಹೆ ಕೊಡಬಹುದು ಅಂತ. ಅಂಥ ಕಾಗದವನ್ನು ಎಲ್ಲರೂ ಸಹಿ ಹಾಕಿ ಮುಂದಿನ ಮೇಜಿಗೆ ತಳ್ಳುತ್ತಾರೆ. ನಮ್ಮ ಮಾವ ಅದನ್ನು ಮೂರು ಸಲ ಓದಿ, ಊಟ ಬಿಟ್ಟು ಯೋಚಿಸಿದರು. ಕೊನೆಗೆ ಕಂಡುಹಿಡಿದ ಸತ್ಯ ಇದು: ಬಾಗಲೂರು ರಸ್ತೆಯಲ್ಲಿ ಅಪಘಾತಗಳಾಗುವುದು ಎಮ್ಮೆಗಳಿಂದ. ಕಪ್ಪು ಎಮ್ಮೆ, ಮುಸ್ಸಂಜೆ ಹೊತ್ತು, ಶಿಫ್ಟ್ ಮುಗಿಸಿ ಬರುವ ಫ್ಯಾಕ್ಟರಿಯವರ ಮೋಟಾರ್ ಸೈಕಲ್ಲು. ಎಮ್ಮೆ ಕಂಡರೆ ಅಪಘಾತವಿಲ್ಲ, ಅಪಘಾತವಿಲ್ಲದಿದ್ದರೆ ಕ್ಲೇಮಿಲ್ಲ, ಕ್ಲೇಮಿಲ್ಲದಿದ್ದರೆ ಇಡೀ ದೇಶಕ್ಕೆ ವಿಮೆ ಅಗ್ಗ!

ಸರಿ, ಒಂದು ರಜೆ ದಿನ ಹಳದಿ ಪೇಂಟಿನ ಡಬ್ಬ ಹಿಡಿದು ಹೊರಟರು. ಬಾಗಲೂರಿನ ರೈತರನ್ನು ಕಾಡಿ ಬೇಡಿ ಹತ್ತು ಎಮ್ಮೆಯ ಕೊಂಬಿಗೆ ಬಣ್ಣ ಬಳಿದರು. ಮರುದಿನ ಪಕ್ಕದ ಹಳ್ಳಿಯವರು ನೋಡಿದರು. ಕೊಂಬಿಗೆ ಬಣ್ಣ ಬಿದ್ದಿದೆ ಅಂದರೆ ಹಬ್ಬ ಬಂತು ಅಂತಲೇ ಅರ್ಥ! ನಮಗೆ ಯಾರೂ ಹೇಳಲೇ ಇಲ್ಲವಲ್ಲ ಅಂತ ಗಾಬರಿಯಾಗಿ ಅವರೂ ತಮ್ಮ ದನಗಳಿಗೆ ಬಣ್ಣ ಬಳಿದು, ಕೊರಳಿಗೆ ಹೂವು ಕಟ್ಟಿ, ಮೆರವಣಿಗೆ ಅಂತ ರಸ್ತೆಗೇ ಹೊಡೆದುಕೊಂಡು ಬಂದರು. ಬೆದರಿದ ಒಂದು ಹೋರಿ ನಿಂತಿದ್ದ ಮೂರು ಮೋಟಾರ್ ಸೈಕಲ್ ಉರುಳಿಸಿತು. ವಾರದೊಳಗೆ ಮಾವನ ಮೇಜಿನ ಮೇಲೆ ಮೂರು ಕ್ಲೇಮು!

ಇನ್ನು ಆಫೀಸಿನ ಗುಟ್ಟಿನ ವಿಷಯ. ಯಾರ ಗಾಡಿ ಯಾವುದಕ್ಕೆ ಗುದ್ದಿತು ಅನ್ನುವುದು ಸರ್ಕಾರದ ಗುಟ್ಟು, ಹೊರಗೆ ಹೋಗಕೂಡದು. ಅದಕ್ಕೆ ಮಾವ ರಿಜಿಸ್ಟರನ್ನು ಮೂರು ಭಾಷೆಯಲ್ಲಿ ಬರೆಯುತ್ತಿದ್ದರು. ಮಾಲೀಕನ ಹೆಸರು ತಮಿಳಲ್ಲಿ, ಗಾಡಿಯ ವಿವರ ತೆಲುಗಲ್ಲಿ, ಅಪಘಾತದ ಕಾರಣ ಕನ್ನಡದಲ್ಲಿ. ಕಳ್ಳ ಬಂದರೂ ಮೂರರಲ್ಲಿ ಒಂದು ಭಾಗ ತಾನೇ ಓದಿಯಾನು ಅಂತ ಅವರ ಲೆಕ್ಕಾಚಾರ. ಬೇರೆ ಊರಾಗಿದ್ದರೆ ಸರಿಯೇ. ಇದು ಹೊಸೂರು ಕಣ್ರೀ! ಇಲ್ಲಿ ಮೂರೂ ಬಾರದವರು ಯಾರಿದ್ದಾರೆ? ಟೀ ಕೊಡಲು ಬಂದ ಅಂಗಡಿಯಾತ ಲೋಟ ಇಡುತ್ತ ಬಗ್ಗಿ ನೋಡಿ, "ಓಹೋ, ರೆಡ್ಡಿಯೋರ ಟೆಂಪೋನಾ ಸಾಮಿ ಹುಣ್ಸೇಮರಕ್ಕೆ ಗುದ್ದಿದ್ದು!" ಅಂದುಬಿಟ್ಟ. ಓದಲಾಗದೆ ಒದ್ದಾಡಿದ್ದು ಮದ್ರಾಸಿನಿಂದ ಬಂದ ಆಡಿಟರ್ ಒಬ್ಬರೇ. "ಎನ್ನ ಸಾರ್ ಇದು?" ಇದೇನಿದು ಅಂತ ಅವರು ತಲೆ ಮೇಲೆ ಕೈ ಹೊತ್ತು ಕೂತಾಗ, ಓದಿ ಹೇಳಲು ಟೀ ಅಂಗಡಿಯಾತನನ್ನೇ ಕರೆಸಬೇಕಾಯಿತು. ಮಾವನಿಗೆ ನಾಚಿಕೆಯಾಯಿತೇ? ಎಲ್ಲಿ ಬಂತು! "ನೋಡ್ದಾ ಅಮ್ಮಣ್ಣಿ, ಮದ್ರಾಸ್ನವರಿಗೇ ಬಿಡ್ಸಕ್ಕಾಗ್ಲಿಲ್ಲ!" ಅಂತ ನನ್ನ ಮುಂದೆ ಎದೆಯುಬ್ಬಿಸಿದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಫೀಸಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಬೇರೆ ಕೋಣೆ, ತಣ್ಣನೆ ಗಾಳಿಯ ಮಿಷನ್ನು, ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ದೇವರೊಂದು ಇಲ್ಲ, ಉಳಿದದ್ದೆಲ್ಲ ಗುಡಿಯೇ. ತರಬೇತಿ ಕೊಡಲು ಬಂದ ಅಧಿಕಾರಿ ಮಾವನ ಪ್ರಾಮಾಣಿಕತೆಯನ್ನು ಕೇಳಿ ತಿಳಿದು, ಮಿಷನ್ನನ್ನು ತೆರೆಯುವ ಗುಟ್ಟಿನ ಪದವನ್ನು ಅವರಿಗೊಬ್ಬರಿಗೇ ಚೀಟಿಯಲ್ಲಿ ಬರೆದುಕೊಟ್ಟರು. "ಇದನ್ನ ಯಾರು ಕೇಳಿದ್ರೂ ಹೇಳ್ಬಾರ್ದು" ಅಂತ ಕಟ್ಟಪ್ಪಣೆ ಮಾಡಿ ಹೋದರು. ಮಾವ ಪದ ಬಾಯಿಪಾಠ ಮಾಡಿ ಚೀಟಿಯನ್ನು ಒಲೆಗೆ ಹಾಕಿದರು. ತಿಂಗಳಾಯಿತು, ಒಂದು ಪಾಲಿಸಿಯೂ ಕಂಪ್ಯೂಟರಿಗೆ ಏರಲಿಲ್ಲ. ಮ್ಯಾನೇಜರು ಕೋಣೆಗೆ ಹೋಗಿ ನೋಡಿದರೆ ಮಾವ ಕೈಕಟ್ಟಿ ಅದರ ಮುಂದೆ ಕೂತಿದ್ದಾರೆ.

"ಏನ್ರೀ, ಯಾಕೆ ಶುರು ಮಾಡಿಲ್ಲ?"

"ಸಾರ್, ಬೆಳಿಗ್ಗೆಯಿಂದ ಸಂಜೆ ತನಕ ಆ ಪದ ಏನು, ಆ ಪದ ಏನು ಅಂತ ಅದು ಕೇಳ್ತಾನೇ ಐತೆ. ನಾನು ಬಾಯ್ ಬಿಟ್ಟಿಲ್ಲ!"

ಮಿಷನ್ನಿಗೆ ಹೇಳಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ನೋಡಿ.

ಆ ವರ್ಷವೇ, ಅಂಚೆಟ್ಟಿ ಕಡೆಯಿಂದ ಹುಣಸೆಹಣ್ಣು ಮಾರಲು ಬಂದ ಅತ್ತೆಯ ತವರಿನವನೊಬ್ಬ ಮನೆ ಹುಡುಕಿಕೊಂಡು ಬಂದ. ಆವತ್ತು ಭಾನುವಾರ, ನಾನೂ ಅಲ್ಲೇ ಊಟಕ್ಕೆ ಇದ್ದೆ.

"ನಿಮ್ಮಕ್ಕ ಜಾರ್ ಬಿದ್ದು ಸೊಂಟ ಮುರ್ಕಂಡವ್ಳೆ ಕಣವ್ವಾ. ಎದ್ದು ಕೂರಂಗಿಲ್ಲ. ಬಾಗ್ಲಲ್ಲಿ ಯಾರ್ ಬಂದ್ರೂ ತಂಗಿ ಬಂದ್ಳಾ ಅಂತ ಕೇಳ್ತಾಳೆ."

ಅತ್ತೆ ಅವನಿಗೆ ಊಟ ಹಾಕಿ, ಅಕ್ಕನಿಗೆ ಅಂತ ಒಂದು ಹಳೇ ಸೀರೆಯನ್ನೂ ಒಂದು ಡಬ್ಬ ಚಕ್ಕುಲಿಯನ್ನೂ ಕೊಟ್ಟು ಕಳಿಸಿದಳು. ಆಮೇಲೆ ನಮಗೆ ಬಡಿಸಿದಳು. ಮಾವ ತಲೆ ತಗ್ಗಿಸಿ ಕಲಸುತ್ತಿದ್ದರು. ಅವಳು ಕೇಳುತ್ತಾಳೆ ಅಂತ ಅವರು ಕಾಯುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅತ್ತೆ ಸಾರು ಹಾಕಿದಳು, ಪಲ್ಯ ಹಾಕಿದಳು, ಮಜ್ಜಿಗೆ ಹಾಕಿದಳು. ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಕೇಳಲಿಲ್ಲ. ಮಾವ ಅರ್ಧಕ್ಕೇ ಎದ್ದು ಕೈತೊಳೆದುಕೊಂಡು ಮೆಕ್ಯಾನಿಕ್ಕನ್ನು ಕರೆಯಲು ಹೋದರು.

ಟೈರು ಓಡದೆಯೇ ಬಿರುಕು ಬಿಟ್ಟಿದ್ದವು. ಹೊಸ ಟೈರು ಬಂತು. ಸೋಮವಾರ ಬೆಳಿಗ್ಗೆ ಮಾವ ಪಕ್ಕದ ಮನೆಯ ಫ್ಯಾಕ್ಟರಿಯವನ ಹೆಲ್ಮೆಟ್ಟನ್ನು ಎರವಲು ತಂದು ತಲೆಗೆ ಹಾಕಿಕೊಂಡರು, ಅದು ಕಣ್ಣಿನವರೆಗೂ ಇಳಿಯಿತು. ಅತ್ತೆ ಹೊಸ ಸೀರೆ ಉಟ್ಟು, ಒಂದು ಕೈಯಲ್ಲಿ ಬುತ್ತಿ, ಒಂದು ಕೈಯಲ್ಲಿ ಮಾವನ ಬೆಲ್ಟು ಹಿಡಿದು ಕೂತಳು. ಸ್ಕೂಟರ್ ಕದಲಿತು ನೋಡಿ, ಬೀದಿಯವರೆಲ್ಲ ಚಪ್ಪಾಳೆ! ಶಿಫ್ಟಿಗೆ ಹೋಗುವ ಸೈಕಲ್ಲಿನವರು ಬೆಲ್ಲು ಹೊಡೆದು ಹೊಡೆದು ಇವರನ್ನು ಹಿಂದೆ ಹಾಕಿ ಹೋದರು. ಅತ್ತೆಯ ಸೆರಗು ಗಾಳಿಗೆ ಹಾರುತ್ತಿತ್ತು.

ಬುಧವಾರ ಸಂಜೆ ಒಂದು ಟೆಂಪೋ ಬಂದು ನಿಂತಿತು. ಹಿಂದೆ ಟೊಮೇಟೊ ಕುಕ್ಕೆಗಳ ಮೇಲೆ ಸ್ಕೂಟರ್ ಮಲಗಿತ್ತು. ಮುಂದೆ ಡ್ರೈವರ್ ಪಕ್ಕ ಅತ್ತೆ, ಅವಳ ಪಕ್ಕ ಮೊಳಕೈಗೆ ಬ್ಯಾಂಡೇಜ್ ಸುತ್ತಿಕೊಂಡ ಮಾವ. ಅತ್ತೆಗೆ ಒಂದು ಗೀರೂ ಆಗಿರಲಿಲ್ಲ, ದೇವರು ದೊಡ್ಡವನು. ಅಕ್ಕನ ಜತೆ ಎರಡು ರಾತ್ರಿ ಇದ್ದು, ತಲೆ ಬಾಚಿ, ಊಟ ಮಾಡಿಸಿ, ಸಾಕಾಗುವಷ್ಟು ಮಾತಾಡಿ ಬಂದಿದ್ದಳು. ಬರುವ ದಾರಿಯಲ್ಲಿ ಅಂಚೆಟ್ಟಿ ಇನ್ನೂ ಮುಟ್ಟುವ ಮುಂಚೆ ಎದುರಿಗೊಂದು ಹಸು ಬಂದು, ಸ್ಕೂಟರ್ ರಾಗಿ ಹೊಲಕ್ಕೆ ಇಳಿದಿತ್ತು.

ಮಾರನೇ ದಿನ ಮಾವ ಆಫೀಸಿನಿಂದ ಕ್ಲೇಮ್ ಫಾರಂ ತಂದರು. ಬಲಗೈ ಆಡುತ್ತಿರಲಿಲ್ಲ, ಬರೆಯಲು ನನ್ನನ್ನು ಕೂರಿಸಿಕೊಂಡರು. ನನಗೋ ತಮಾಷೆ. "ಮಾವ, ಹನ್ನೊಂದು ವರ್ಷದ ಬೋನಸ್ಸು ಹೋಗ್ಬಿಡುತ್ತಲ್ಲ!" ಅಂದೆ.

"ಹೋಗ್ಲಿ ಬರಿ. ಹೆಡ್‌ಲೈಟು, ಮುಂದಿನ್ ಮಡ್‌ಗಾರ್ಡು, ಬಲಗಡೆ ಕನ್ನಡಿ."

ಬರೆದೆ. ಅಪಘಾತದ ಕಾರಣ ಅನ್ನುವ ಅಂಕಣ ಬಂತು. "ಹಸು ಅಡ್ಡ ಬಂತು ಅಂತ ಬರೀಲಾ?"

"ಹಸು ಪಾಪ ಅದರ ಪಾಡಿಗೆ ನಿಂತಿತ್ತು. ನಾನೇ ರಸ್ತೆ ನೋಡ್ತಿರ್ಲಿಲ್ಲ."

"ಅಷ್ಟು ದೊಡ್ಡ ಹಸು ಬಿಟ್ಟು ಇನ್ನೇನು ನೋಡ್ತಿದ್ರಿ ಮಾವ?"

ಮಾವ ಅಡುಗೆಮನೆ ಕಡೆಗೊಮ್ಮೆ ನೋಡಿದರು. ಒಳಗೆ ಅತ್ತೆ ಒಗ್ಗರಣೆ ಹಾಕುತ್ತಿದ್ದಳು. ದನಿ ತಗ್ಗಿಸಿದರು.

"ಅಕ್ಕನ್ ಮನೆ ಬಿಟ್ಟಾಗಿಂದ ಅಳ್ತಾನೇ ಬತ್ತಿದ್ಲು ಅಮ್ಮಣ್ಣಿ. ಬರೋ ತಿಂಗ್ಳೂ ಕರ್ಕಂಡ್ ಬತ್ತೀನಿ ಕಣೇ ಅಂದೆ. ನಂಬುದ್ಲೋ ಇಲ್ವೋ ಅಂತ ಕನ್ನಡೀಲಿ ಅವ್ಳ ಮುಖ ನೋಡ್ತಿದ್ದೆ."

ನನ್ನ ಪೆನ್ನು ನಿಂತಿತು. "ನಂಬಿದ್ಲಾ?"

"ಇಲ್ಲ," ಅಂದರು ಮಾವ. ಫಾರಮ್ಮನ್ನು ಎಡಗೈಯಿಂದ ನನ್ನ ಕಡೆಗೆ ಇನ್ನಷ್ಟು ಸರಿಸಿದರು. "ಅದ್ಕೇ, ಬೇಗ ಬರಿ."