ಹುಳಿಯಿಲ್ಲದ ಕೆಸುವೂ ನನ್ನ ಬಿ.ಎಸ್ಸಿ.ಯೂ

ಹಸಿದವನು ತಟ್ಟೆಯನ್ನು ಪ್ರೀತಿಯಿಂದ ನೋಡುತ್ತಾನೆ. ನಾಲ್ಕಕ್ಷರ ಕಲಿತವನು ಪೊಲೀಸಿನವನ ಹಾಗೆ ನೋಡುತ್ತಾನೆ. ನಾನು ಈ ಎರಡನೆಯ ಗುಂಪಿಗೆ ಸೇರಿ ಎರಡು ತಿಂಗಳಾಯಿತು. ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತಿತ್ತು. ಪಿಷ್ಟವೂ ಹುಳಿಯೂ ಒಂದೇ ಹೊಟ್ಟೆಯಲ್ಲಿ ಕೂಡಲೇಬಾರದು, ಕೂಡಿದರೆ ಜೀರ್ಣವಾಗುವುದಿಲ್ಲ ಎಂದು ಮೊಬೈಲಿನಲ್ಲಿ ಗಡ್ಡದ ಮಹಾಶಯರೊಬ್ಬರು ಹೇಳಿದರು. ಅಂದಿನಿಂದ ಅನ್ನದ ಪಕ್ಕದಲ್ಲಿ ಕೂತ ಸಾರು ನನಗೆ ಪಿತೂರಿ ಹೂಡುವವನಂತೆ ಕಾಣತೊಡಗಿತು. ಒಂದು ದಿನವಂತೂ ಕಡುಬನ್ನು ಬೆಳಿಗ್ಗೆ ಎಂಟಕ್ಕೆ, ಅದರ ಚಟ್ನಿಯನ್ನು ಹನ್ನೊಂದಕ್ಕೆ ತಿಂದೆ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಅಮ್ಮ ಬಣಕಲ್ ಕಡೆಯ ಎಸ್ಟೇಟಿನಲ್ಲಿ ಕಾಫಿ ಕುಯ್ದು ಓದಿಸಿದಳು. ನಾನು ಕೆಮಿಸ್ಟ್ರಿಯನ್ನು ಮೂರನೆಯ ದಂಡಯಾತ್ರೆಯಲ್ಲಿ ಗೆದ್ದು, ಅದೇ ಎಸ್ಟೇಟಿನಲ್ಲಿ ಹಾಜರಿ-ಲೆಕ್ಕ ಬರೆಯುವ ರೈಟರ್ ಆದೆ. ಮಾತ್ರೆ ನುಂಗುವುದಿರಲಿ, ಹೊಸ ಕುಕ್ಕರಿನ ಸೀಟಿ ಎಣಿಸುವುದಿರಲಿ, ಅಮ್ಮ ನನ್ನನ್ನು ಕೇಳದೆ ಮಾಡುವುದಿಲ್ಲ. ಆಕೆ ಹಾಗೆ ಕೇಳುವುದೇ ನನ್ನ ಡಿಗ್ರಿಗೆ ಸಿಕ್ಕ ನಿಜವಾದ ಸಂಬಳ. ಅದನ್ನು ಕಳೆದುಕೊಳ್ಳುವ ಕೆಲಸಕ್ಕೆ ನಾನೇ ಕೈಹಾಕಿದೆ.

ಕಳೆದ ಭಾನುವಾರ ಅಮ್ಮ ಕೆಸುವಿನ ಸೊಪ್ಪು ಬೇಯಿಸುತ್ತಿದ್ದಳು. ಪಕ್ಕದಲ್ಲಿ ಒಣಗಿಸಿಟ್ಟ ವಾಟೆಹುಳಿ. ನನ್ನ ಅನುಮಾನ ಥಟ್ಟನೆ ಎದ್ದು ನಿಂತಿತು.

"ಅಮ್ಮಾ, ಅನ್ನಕ್ಕೆ ಕಲಸೋ ಪದಾರ್ಥಕ್ಕೆ ಹುಳಿ ಬೇಡ."

"ಹುಳಿ ಹಾಕ್ದೆ ಕೆಸ ತಿಂತಾರನಾ ಮಾರಾಯ? ಗಂಟ್ಲು ಹಿಡೀತದೆ."

"ಅದೆಲ್ಲ ಹಳೇ ಕಾಲದ ನಂಬಿಕೆ. ಹುಳಿ ರುಚಿಗೆ ಅಷ್ಟೇ."

"ನಿಜವಾಗ್ಲೂ?"

"ನಾನು ಓದಿದ್ದು ಕೆಮಿಸ್ಟ್ರಿ!"

ಅಮ್ಮ ನನ್ನ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಟ್ಟು, ಉಳಿದದ್ದಕ್ಕೆ ಹುಳಿ ಹಾಕಿದಳು. ಈ ಮುನ್ನೆಚ್ಚರಿಕೆ ನನಗೆ ಅವಮಾನವೆನಿಸಿ, ಎರಡು ಸಲ ಬಡಿಸಿಕೊಂಡೆ.

ಮೂರನೆಯ ತುತ್ತಿಗೇ ಗಂಟಲಲ್ಲಿ ಯಾರೋ ಸೂಜಿ ಪೋಣಿಸಲು ಕೂತಂತಾಯಿತು. ಮರ್ಯಾದೆಯ ಪ್ರಶ್ನೆ, ತಿಂದು ಮುಗಿಸಿದೆ. ನಾಲಿಗೆ ದಪ್ಪಗಾಯಿತು, ದನಿ ನಿಂತೇ ಹೋಯಿತು. ಅಮ್ಮ ಒಂದು ತುಂಡು ವಾಟೆಹುಳಿ ತಂದು ಬಾಯಿಗಿಟ್ಟಳು. ಗಡ್ಡದ ಮಹಾಶಯರನ್ನು ಮನಸ್ಸಿನಲ್ಲೇ ಬೈಯುತ್ತ ಚೀಪಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಕಮಲಕ್ಕ ಬಂದರು. ಇವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಎಸ್ಟೇಟಿನ ಇಡೀ ಕೂಲಿ ಲೈನಿಗೆ ಗೊತ್ತಾಗುತ್ತದೆ.

"ರೈಟ್ರಿಗೆ ಏನಾಯ್ತೇ? ಕಪ್ಪೆ ನುಂಗ್ದೋರ ತರ ಕೂತಿದಾರೆ!"

ಅಮ್ಮ ಏನು ಹೇಳಿಬಿಡುತ್ತಾಳೋ ಎಂದು ಅವಳತ್ತ ನೋಡಿದೆ. ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಹುಳಿ ಇಲ್ದೆ ಕೆಸ ತಿಂದ್ರೆ ಏನಾಗ್ತದೆ ಅಂತ ಪರೀಕ್ಷೆ ಮಾಡ್ದ ಕಣೆ. ಓದ್ದೋರು ನಮ್ಮ ಹಂಗೆ ಸುಮ್ನೆ ನಂಬಲ್ಲ."

"ಪಾಸಾದ್ರಾ?"

"ಗಂಟ್ಲೊಂದ್ರಲ್ಲಿ ಹೋಯ್ತು. ಬಾಕಿ ಎಲ್ಲ ಪಾಸು."

ಕಮಲಕ್ಕ ನಗುವುದರೊಳಗೆ ಅಮ್ಮ ಮಜ್ಜಿಗೆಯ ಲೋಟ ಹಿಡಿದು ನನ್ನ ಮುಂದೆ ನಿಂತಳು. ಕಮಲಕ್ಕನಿಗೂ ಕೇಳುವಂತೆ, ಎಂದಿನ ವಿನಯದಲ್ಲಿ, "ಹುಳಿ ಮೇಲೆ ಮಜ್ಜಿಗೆ ಕುಡೀಬಹುದೇನಪ್ಪಾ?" ಎಂದು ಕೇಳಿದಳು.

ಅವಳ ಮುಖವನ್ನು ಚೆನ್ನಾಗಿ ತಪಾಸಣೆ ಮಾಡಿದೆ. ಗೇಲಿಯ ಸುಳಿವೂ ಸಿಗಲಿಲ್ಲ. ಪದವೀಧರನ ಗಾಂಭೀರ್ಯದಿಂದ ತಲೆಯಾಡಿಸಿದೆ. ಆ ಮನೆಯಲ್ಲಿ ವಿವರಣೆಯಿಲ್ಲದೆ ನಾನು ಕೊಟ್ಟ ಮೊದಲ ಉತ್ತರ ಅದು. ಸರಿಯಾದದ್ದೂ ಬಹುಶಃ ಅದೊಂದೇ.